ಅಮೃತಸರದ ಡೇರೆ, ಅಮೆರಿಕದ ಅರಣ್ಯ: ಬಯಲಿನಲ್ಲಿ ಕೌಟುಂಬಿಕ ಚಿಕಿತ್ಸೆ

ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ 2024ರ ಡಿಸೆಂಬರ್ ಕೊನೆಯಲ್ಲಿ, ಅಧಿಕಾರದಿಂದ ನಿರ್ಗಮಿಸಲು ಕೆಲವೇ ವಾರಗಳು ಉಳಿದಿರುವಾಗ, ಸಹಿ ಹಾಕಿದ ಕಾಯ್ದೆಗಳಲ್ಲಿ ಒಂದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ವಸತಿ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆಯುವ ದೌರ್ಜನ್ಯವನ್ನು ತಡೆಯುವ ಉದ್ದೇಶದ ಆ ಕಾಯ್ದೆಗೆ ಉಭಯ ಪಕ್ಷಗಳ ಬೆಂಬಲವಿತ್ತು. ಅದರ ಪರವಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಪ್ರಮುಖರು ಹೋಟೆಲ್ ಮನೆತನದ ಪ್ಯಾರಿಸ್ ಹಿಲ್ಟನ್. ಹದಿಹರೆಯದಲ್ಲಿ ಯೂಟಾ ರಾಜ್ಯದ ವಸತಿ ಶಾಲೆಯೊಂದರಲ್ಲಿ ತಾನು ಅನುಭವಿಸಿದ್ದನ್ನು ಆಕೆ 2021ರಲ್ಲಿ ಆ ರಾಜ್ಯದ ಶಾಸಕರ ಮುಂದೆ ಹೇಳಿಕೊಂಡ ನಂತರ ಅಲ್ಲಿ ರಾಜ್ಯಮಟ್ಟದ ಕಾನೂನು ಬಿಗಿಯಾಗಿತ್ತು. ರಾಷ್ಟ್ರಮಟ್ಟದ ಕಾಯ್ದೆಗೆ ಇನ್ನೂ ಮೂರು ವರ್ಷ ಬೇಕಾಯಿತು. ಅದಕ್ಕೂ ಮುನ್ನ ಇನ್ನೊಂದು ಮಗುವಿನ ಜೀವ ಹೋಗಿತ್ತು. ಉತ್ತರ ಕೆರೊಲಿನಾದ ಬೆಟ್ಟಗಾಡಿನಲ್ಲಿ ನಡೆಯುತ್ತಿದ್ದ 'ಟ್ರೇಲ್ಸ್ ಕೆರೊಲಿನಾ' ಎಂಬ ಶಿಬಿರಕ್ಕೆ 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಕರೆತಂದಿದ್ದ 12 ವರ್ಷದ ಬಾಲಕ ಒಂದು ದಿನ ಕಳೆಯುವುದರೊಳಗೆ ಶವವಾಗಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಶಿಬಿರದ ಪರವಾನಗಿಯನ್ನು ರದ್ದುಗೊಳಿಸಿತು.

ಆ ಶಿಬಿರ ಸೆರೆಮನೆಯಾಗಿರಲಿಲ್ಲ. 'ವನ್ಯಪರಿಸರ ಚಿಕಿತ್ಸೆ' ಎಂಬ ಹೆಸರಿನಲ್ಲಿ, ದಾರಿ ತಪ್ಪಿದ ಮಕ್ಕಳನ್ನೂ ಕಂಗೆಟ್ಟ ತಂದೆತಾಯಿಗಳನ್ನೂ ಮತ್ತೆ ಒಂದುಗೂಡಿಸುವ ಭರವಸೆಯ ಮೇಲೆ ದಶಕಗಳಿಂದ ಬೆಳೆದು ಬಂದ ಉದ್ಯಮವೊಂದರ ಭಾಗವಾಗಿತ್ತು. ಕುಟುಂಬವನ್ನು ಜೋಡಿಸುವ ಹೆಸರಿನ ಚಿಕಿತ್ಸೆ ಮೊದಲ ಹೆಜ್ಜೆಯಾಗಿ ಕುಟುಂಬವನ್ನೇ ಬೇರ್ಪಡಿಸುತ್ತಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಈ ವಿಚಾರ ಕನ್ನಡಿಗರಿಗೇಕೆ ಎಂಬ ಪ್ರಶ್ನೆ ಸಹಜ. ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ಮದ್ದು ಎಂಬ ಮಾತು ಈಗ ನಮ್ಮ ನಗರಗಳ ವಾರಾಂತ್ಯದ ಜಾಹೀರಾತುಗಳಲ್ಲಿಯೂ ಕಾಣತೊಡಗಿದೆ. ಕಾಫಿ ತೋಟದ ನಡುವಿನ ತಂಗುದಾಣಕ್ಕೆ 'ಹೀಲಿಂಗ್' ಎಂಬ ಪದ ಅಂಟಿಕೊಂಡರೆ ಬಾಡಿಗೆ ಏರುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಬೇರೆಯಿದೆ. ಕುಟುಂಬವನ್ನು ಬಯಲಿನಲ್ಲಿ ಕೂರಿಸಿ ಮನೋರೋಗಕ್ಕೆ ಚಿಕಿತ್ಸೆ ನೀಡುವ ವಿಷಯದಲ್ಲಿ ಭಾರತಕ್ಕೆ ತನ್ನದೇ ಆದ ಇತಿಹಾಸವಿದೆ. ಅದು ಅಮೆರಿಕದ ಈ ಉದ್ಯಮಕ್ಕಿಂತ ಹಳೆಯದು, ಅಗ್ಗದ್ದು ಹಾಗೂ ಬಹುಮಟ್ಟಿಗೆ ಮರೆತುಹೋದದ್ದು. ಆ ಇತಿಹಾಸದ ಒಂದು ಕವಲು ಬೆಂಗಳೂರಿನ ಹೊಸೂರು ರಸ್ತೆಯವರೆಗೂ ಬಂದಿದೆ.

ವಿಭಜನೆಯ ಬೆನ್ನಿಗೆ ಬಂದ ಡೇರೆಗಳು

ದೇಶ ವಿಭಜನೆಯಾದಾಗ ಆಸ್ತಿಪಾಸ್ತಿ, ಸೇನೆ, ಕಚೇರಿಯ ಮೇಜುಕುರ್ಚಿಗಳ ಜೊತೆಗೆ ಹುಚ್ಚಾಸ್ಪತ್ರೆಗಳ ರೋಗಿಗಳೂ ಹಂಚಿಕೆಯಾದರು. ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ ಹಾಗೂ ಸಿಖ್ ರೋಗಿಗಳನ್ನು 1950ರಲ್ಲಿ ಗಡಿ ದಾಟಿಸಿ ಭಾರತಕ್ಕೆ ಕಳುಹಿಸಲಾಯಿತು; ಅವರಲ್ಲಿ ಹೆಚ್ಚಿನವರು ಸೇರಿದ್ದು ಅಮೃತಸರದ ಮಾನಸಿಕ ಆಸ್ಪತ್ರೆಗೆ. ಸಾದತ್ ಹಸನ್ ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಕಥೆಯ ಹಿನ್ನೆಲೆಯಲ್ಲಿರುವುದು ಈ ವಿನಿಮಯವೇ. ಕಥೆ ಗಡಿಯಲ್ಲಿ ನಿಲ್ಲುತ್ತದೆ. ಗಡಿಯ ಈಚೆ ಮುಂದೇನಾಯಿತು ಎಂಬುದು ವೈದ್ಯಕೀಯ ಇತಿಹಾಸದ ಪಾಲಿಗೆ ಬಂದಿದೆ.

ಆ ಆಸ್ಪತ್ರೆಯ ಅಧೀಕ್ಷಕರಾಗಿದ್ದವರು ಡಾ. ವಿದ್ಯಾಸಾಗರ್. ಕಿಕ್ಕಿರಿದ ವಾರ್ಡುಗಳು, ಬೆರಳೆಣಿಕೆಯ ಸಿಬ್ಬಂದಿ, ಒಮ್ಮೆ ಒಳಬಂದವರನ್ನು ಮತ್ತೆ ಕರೆದೊಯ್ಯಲು ಬಾರದ ಬಂಧುಗಳು. ಅಂದಿನ ಎಲ್ಲ ಹುಚ್ಚಾಸ್ಪತ್ರೆಗಳಂತೆ ಅಮೃತಸರವೂ ಇತ್ತು. ಐವತ್ತರ ದಶಕದಲ್ಲಿ ವಿದ್ಯಾಸಾಗರ್ ಸೇನೆಯ ಹಳೆಯ ಡೇರೆಗಳನ್ನು ಎರವಲು ತಂದು ಆಸ್ಪತ್ರೆಯ ಬಯಲಿನಲ್ಲಿ ಹಾಕಿಸಿದರು. ರೋಗಿಯನ್ನು ಬಿಟ್ಟುಹೋಗಲು ಬಂದ ಬಂಧುಗಳಿಗೆ, ಬಿಟ್ಟುಹೋಗಬೇಡಿ, ನೀವೂ ಇಲ್ಲಿಯೇ ಇರಿ ಎಂದರು. ರೋಗಿಯೂ ಕುಟುಂಬವೂ ಒಂದೇ ಡೇರೆಯಲ್ಲಿ ಉಳಿದವು. ಸ್ನಾನ ಮಾಡಿಸುವುದು, ಉಣಿಸುವುದು, ಔಷಧಿ ಕುಡಿಸುವುದು ಮನೆಯವರ ಪಾಲಿನ ಕೆಲಸವಾಯಿತು. ವೈದ್ಯರು ರೋಗಿಗಳನ್ನೂ ಬಂಧುಗಳನ್ನೂ ಒಟ್ಟಿಗೆ ಕೂರಿಸಿಕೊಂಡು ಕಾಯಿಲೆಯ ಬಗ್ಗೆ, ಮನೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ಮಾತನಾಡಿದರು.

ಈ ಕ್ರಮದ ಹಿಂದೆ ದೊಡ್ಡ ಸಿದ್ಧಾಂತವೇನೂ ಇದ್ದಂತಿಲ್ಲ. ಹಾಸಿಗೆಯಿಲ್ಲ, ಜನವಿಲ್ಲ ಎಂಬ ಕೊರತೆಯೇ ಅದರ ತಾಯಿ. ಆದರೆ ಫಲ ಕೊರತೆಯನ್ನು ಮೀರಿತು. ಡೇರೆಯಲ್ಲಿದ್ದ ರೋಗಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಂಡು ಮನೆಗೆ ಮರಳತೊಡಗಿದರು. ಹುಚ್ಚು ಬಿಟ್ಟರೆ ಮತ್ತೆ ನೆಟ್ಟಗಾಗುವುದಿಲ್ಲ ಎಂದು ನಂಬಿದ್ದ ಬಂಧುಗಳು ಪಕ್ಕದ ಡೇರೆಯ ಹುಡುಗ ನೆಟ್ಟಗಾದುದನ್ನು ಕಣ್ಣಾರೆ ಕಂಡರು. ಊರಿಗೆ ಹಿಂತಿರುಗಿದ ಮೇಲೆ ಅವರೇ ಆಸ್ಪತ್ರೆಯ ಪ್ರಚಾರಕರಾದರು. ವೈದ್ಯರ ಹತ್ತು ಭಾಷಣ ಮಾಡಲಾಗದ್ದನ್ನು ಒಂದು ಡೇರೆಯ ನೆರೆಹೊರೆ ಮಾಡಿತೆಂದರೆ ಅತಿಶಯೋಕ್ತಿಯಾಗಲಾರದು. ವಿದ್ಯಾಸಾಗರ್ ತಾವು ಮಾಡಿದ್ದನ್ನು ಬರೆದಿಟ್ಟದ್ದು ತೀರಾ ಕಡಿಮೆ. ಭಾರತೀಯ ಮನೋವೈದ್ಯರು ಇಂದಿಗೂ ಅವರನ್ನು ಕೌಟುಂಬಿಕ ಚಿಕಿತ್ಸೆಯ ಆದಿಪುರುಷರೆಂದು ನೆನೆಯುತ್ತಾರಾದರೂ, ಸಾಮಾನ್ಯ ಓದುಗರಿಗೆ ಅವರ ಹೆಸರು ತಲುಪದೆ ಹೋದುದಕ್ಕೆ ಅದೂ ಒಂದು ಕಾರಣವಿರಬಹುದು.

ಅಮೃತಸರದ ಕಿಡಿ ದಕ್ಷಿಣಕ್ಕೂ ಬಂತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1957ರಲ್ಲಿ ಬಾಗಾಯಂನಲ್ಲಿ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಕೆನಡಾದಿಂದ ಬಂದಿದ್ದ ಡಾ. ಫ್ಲಾರೆನ್ಸ್ ನಿಕೋಲ್ಸ್ ಕಟ್ಟಿ ಬೆಳೆಸಿದ ಆ ಕೇಂದ್ರದಲ್ಲಿ ರೋಗಿಯೊಂದಿಗೆ ಮನೆಯವರೂ ಉಳಿಯುವುದು ಚಿಕಿತ್ಸೆಯ ಕ್ರಮವೇ ಆಯಿತು. ಬೆಂಗಳೂರಿನಲ್ಲಿ, ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಹಾಗೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಎಪ್ಪತ್ತರ ದಶಕದಲ್ಲಿ ಅಲ್ಲಿ ಕುಟುಂಬವೂ ತಂಗುವ ವಾರ್ಡುಗಳ ಪ್ರಯೋಗ ನಡೆದು, ಕೌಟುಂಬಿಕ ಮನೋವೈದ್ಯಕೀಯಕ್ಕೆಂದೇ ಮೀಸಲಾದ ಕೇಂದ್ರವೊಂದು ನೆಲೆಗೊಂಡಿತು. ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರದಲ್ಲಿ 1976ರಲ್ಲಿ ಆರಂಭವಾದ ಗ್ರಾಮೀಣ ಕೇಂದ್ರದ್ದು ಇನ್ನೊಂದು ದಾರಿ: ಅಲ್ಲಿಂದ ಹೊರಟವರು ಹಳ್ಳಿಯ ಮನೆಯಂಗಳಕ್ಕೇ ಹೋದರು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಡೇರೆ ವಾರ್ಡಾದಾಗ, ವಾರ್ಡು ಕಾಂಕ್ರೀಟಿನ ಕಟ್ಟಡವಾದಾಗ, ಕುಟುಂಬ ಉಳಿಯಿತು, ಬಯಲು ಹೋಯಿತು. ಇಂದು ಕೌಟುಂಬಿಕ ಚಿಕಿತ್ಸೆಯೆಂದರೆ ನಾಲ್ಕು ಗೋಡೆ, ನಾಲ್ಕು ಕುರ್ಚಿ, ಮುಕ್ಕಾಲು ಗಂಟೆಯ ಮಾತು ಎಂದೇ ರೂಢಿ.

ಮಾತಿಗಿಂತ ಮೊದಲು ಕಾಣುವುದು

ಕೌಟುಂಬಿಕ ಚಿಕಿತ್ಸೆಯ ಮೂಲ ತತ್ತ್ವ ಸರಳವಾದದ್ದು. ರೋಗಿಯೆಂದು ಮುಂದೆ ತಂದು ಕೂರಿಸಿದ ವ್ಯಕ್ತಿಯನ್ನಷ್ಟೇ ನೋಡಿದರೆ ಸಾಲದು. ಆ ಮನೆಯಲ್ಲಿ ಯಾರು ಯಾರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಬೇಕು. ಹುಡುಗ ಶಾಲೆಗೆ ಹೋಗುವುದಿಲ್ಲವೆಂದರೆ ಅದರ ಬೇರು ತಂದೆತಾಯಿಯ ಮೌನದಲ್ಲಿರಬಹುದು, ಅಜ್ಜಿಯ ಹಟದಲ್ಲಿರಬಹುದು. ಇಂತಹ ವಿಚಾರಗಳನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕೆಂದರೂ ಅವರಿಗೇ ಗೊತ್ತಿರುವುದಿಲ್ಲ. ಅರ್ಜೆಂಟೀನಾ ಮೂಲದ ಸಾಲ್ವಡಾರ್ ಮಿನೂಚಿನ್ ಅಮೆರಿಕದಲ್ಲಿ ಬಡ ಕುಟುಂಬಗಳ ನಡುವೆ ಕೆಲಸ ಮಾಡುತ್ತ ಕಂಡುಕೊಂಡದ್ದು ಇದನ್ನೇ. ಜಗಳದ ಬಗ್ಗೆ ಹೇಳಿಸುವುದರ ಬದಲು, ಆ ಜಗಳ ತಮ್ಮೆದುರಿಗೇ ನಡೆಯುವಂತೆ ಅವರು ಮಾಡುತ್ತಿದ್ದರು. ಆಗ ಯಾರು ಯಾರ ಮಾತನ್ನು ಕತ್ತರಿಸುತ್ತಾರೆ, ಯಾರು ಯಾರ ಪರ ವಹಿಸುತ್ತಾರೆ, ಯಾರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ ಎಂಬುದು ಚಿಕಿತ್ಸಕನ ಕಣ್ಣಿಗೆ ಬೀಳುತ್ತಿತ್ತು.

ಬಯಲಿನ ಉಪಯೋಗ ಇಲ್ಲಿದೆ. ಕೋಣೆಯಲ್ಲಿ ಕುಟುಂಬ ತನ್ನ ಬಗ್ಗೆ ಮಾತನಾಡುತ್ತದೆ. ಬಯಲಿನಲ್ಲಿ ಕೆಲಸ ಮಾಡುತ್ತದೆ. ಡೇರೆ ಕಟ್ಟು, ಒಲೆ ಹೂಡು, ನೀರು ತಾ ಎಂದಾಗ ಮನೆಯ ಅಧಿಕಾರಕ್ರಮ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಅಪ್ಪ ಆಜ್ಞೆ ಮಾಡುತ್ತಾನೆ, ಅಮ್ಮ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಾಳೆ, ದೊಡ್ಡ ಮಗಳು ಹಗ್ಗ ಹಿಡಿದು ನಿಂತೇ ಇರುತ್ತಾಳೆ, 'ರೋಗಿ'ಯೆನಿಸಿಕೊಂಡ ಹುಡುಗನ ಕೈಗೆ ಯಾರೂ ಏನನ್ನೂ ಕೊಡುವುದಿಲ್ಲ. ಚಿಕಿತ್ಸಕ ಆ ಹುಡುಗನ ಕೈಗೆ ಗೂಟ ಬಡಿಯುವ ಸುತ್ತಿಗೆ ಕೊಟ್ಟರೆ ಸಾಕು, ಮನೆಯ ಸಮತೋಲ ಸ್ವಲ್ಪ ಅಲುಗಿ ಹೊಸ ಮಾತಿಗೆ ಜಾಗವಾಗುತ್ತದೆ. ನಡಿಗೆಯೂ ಹಾಗೆಯೇ. ಎದುರುಬದುರು ಕುಳಿತು ಕಣ್ಣಿಗೆ ಕಣ್ಣಿಟ್ಟು ಹೇಳಲಾಗದ್ದನ್ನು ಪಕ್ಕಪಕ್ಕದಲ್ಲಿ ನಡೆಯುತ್ತ ಹೇಳುವುದು ಸುಲಭವೆಂದು ಹರೆಯದ ಮಕ್ಕಳ ತಂದೆತಾಯಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೆ ವೈಜ್ಞಾನಿಕ ಆಧಾರವೇನು? ಇದೆ, ಆದರೆ ತೆಳುವಾದದ್ದು. ಇಲಿನಾಯ್ ವಿಶ್ವವಿದ್ಯಾಲಯದ ಡೀನಾ ಇಜೆನ್‌ಸ್ಟಾರ್ಕ್ ಮತ್ತು ಆರನ್ ಎಬಾಟಾ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 27 ತಾಯಿ-ಮಗಳ ಜೋಡಿಗಳು ಪಾಲ್ಗೊಂಡಿದ್ದವು. ಹೆಣ್ಣುಮಕ್ಕಳು 10ರಿಂದ 12 ವರ್ಷದವರು. ಪ್ರತಿಯೊಂದು ಜೋಡಿಯೂ ಒಮ್ಮೆ ಮರಗಳ ತೋಪಿನಲ್ಲಿ, ಇನ್ನೊಮ್ಮೆ ಮಾಲ್‌ನ ಒಳಗೆ ತಲಾ 20 ನಿಮಿಷ ನಡೆಯಿತು. ತೋಪಿನ ನಡಿಗೆಯ ನಂತರ ತಾಯಿಮಗಳ ನಡುವಿನ ಹೊಂದಾಣಿಕೆ ಹೆಚ್ಚು ಹಿತವಾಗಿತ್ತು. ತಾಯಂದಿರ ಏಕಾಗ್ರತೆಗೆ ಮಾಲ್ ಕೂಡ ಒಳ್ಳೆಯದನ್ನೇ ಮಾಡಿತ್ತೆಂಬುದು ಸ್ವಾರಸ್ಯದ ಸಂಗತಿ. ಮನೆಗೆಲಸದಿಂದ 20 ನಿಮಿಷ ಬಿಡುವು ಸಿಕ್ಕರೆ ಯಾವ ಜಾಗವಾದರೇನು! 27 ಜೋಡಿಗಳ ಪ್ರಯೋಗದಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು ಸಲ್ಲದು. ಆದರೂ 20 ನಿಮಿಷದ ನಡಿಗೆಯೇ ಅಳೆಯಬಹುದಾದ ಬದಲಾವಣೆ ತರುವುದಾದರೆ, ಅದಕ್ಕಾಗಿ ಕಾಡಿನೊಳಗೆ ಹತ್ತು ವಾರ ಇಡಬೇಕಾದ ಅಗತ್ಯವನ್ನು ಸಾಬೀತುಪಡಿಸುವ ಹೊಣೆ ಇಡುವವರ ಮೇಲಿದೆ.

ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವರದಿ ಇನ್ನೂ ಕುತೂಹಲಕರವಾದದ್ದು. ತಮಿಳುನಾಡಿನ ಮುತ್ತುಸ್ವಾಮಿ ದೇಗುಲದಲ್ಲಿ ಬಂಧುಗಳೊಡನೆ ಬಂದು ತಂಗಿದ 31 ಮಂದಿ ತೀವ್ರ ಮನೋರೋಗಿಗಳನ್ನು ಅವರು ಗಮನಿಸಿದರು. ಸರಾಸರಿ ಆರು ವಾರ ಅವರು ಅಲ್ಲಿದ್ದರು. ಸರಪಳಿಯಿಲ್ಲ, ಔಷಧಿಯಿಲ್ಲ, ಹೊಡೆತಬಡಿತವಿಲ್ಲ. ಆವರಣ ಗುಡಿಸುವುದು, ಗಿಡಗಳಿಗೆ ನೀರೆರೆಯುವುದು ಮುಂತಾದ ದಿನದ ಕೆಲಸಗಳಷ್ಟೇ. ರೋಗಲಕ್ಷಣದ ಅಳತೆಯಲ್ಲಿ ಸುಮಾರು ಶೇ 20ರಷ್ಟು ಇಳಿಕೆ ಕಂಡುಬಂತು. ಇದನ್ನು ಸಂಶೋಧಕರು ದೇವರ ಮಹಿಮೆಯೆಂದೇನೂ ಹೇಳಲಿಲ್ಲ; ಬೆದರಿಕೆಯಿಲ್ಲದ, ಆಸರೆ ನೀಡುವ ವಾತಾವರಣದ ಫಲವೆಂದರು. ಹೋಲಿಕೆಯ ಗುಂಪೊಂದು ಇಲ್ಲದ್ದರಿಂದ ಈ ಅಧ್ಯಯನಕ್ಕೂ ಮಿತಿಯಿದೆ. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯ ದರ್ಗಾ ಬಳಿಯ ಖಾಸಗಿ ಆಶ್ರಯವೊಂದರಲ್ಲಿ ಬೆಂಕಿ ಬಿದ್ದು ಸರಪಳಿಯಲ್ಲಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಬೆಂದುಹೋಗಿದ್ದರು. ಎರಡೂ ನಂಬಿಕೆಯ ತಾಣಗಳೇ. ಒಂದೆಡೆ ಬಂಧುಗಳು ರೋಗಿಯ ಜೊತೆಗಿದ್ದರು, ಇನ್ನೊಂದೆಡೆ ಬಿಟ್ಟುಹೋಗಿದ್ದರು.

ಅಮೆರಿಕದಲ್ಲಿ ಆದದ್ದೇನು

ಅಮೆರಿಕದ ಕಥೆಯೂ ಆರಂಭವಾದದ್ದು ಡೇರೆಗಳಿಂದಲೇ ಎಂಬುದು ಸೋಜಿಗ. ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಸರ್ಕಾರಿ ಆಸ್ಪತ್ರೆ 1901ರಲ್ಲಿ ಕ್ಷಯವಿದ್ದ ಮನೋರೋಗಿಗಳನ್ನು, ಸೋಂಕು ಇತರರಿಗೆ ಹರಡದಿರಲೆಂದು, ಹುಲ್ಲುಹಾಸಿನ ಮೇಲಿನ ಡೇರೆಗಳಿಗೆ ಕಳುಹಿಸಿತು. ಅವರ ದೇಹದ ಜೊತೆಗೆ ಮನಸ್ಸೂ ಸುಧಾರಿಸಿದ್ದನ್ನು ಕಂಡು ವೈದ್ಯರು ಅಚ್ಚರಿಪಟ್ಟರು. ಆ 'ಡೇರೆ ಚಿಕಿತ್ಸೆ' ಕೆಲವು ವರ್ಷ ಸದ್ದು ಮಾಡಿ ಅಡಗಿಹೋಯಿತು.

ಇಂದಿನ ಉದ್ಯಮದ ಬೇರು ಬೇರೆಡೆಯಿದೆ. ಶಿಕ್ಷಣತಜ್ಞ ಕುರ್ಟ್ ಹಾನ್ ಹಾಗೂ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಆರಂಭಿಸಿದ 'ಔಟ್‌ವರ್ಡ್ ಬೌಂಡ್' ಶಾಲೆ, ಕಷ್ಟ ಎದುರಿಸಿದರೆ ವ್ಯಕ್ತಿತ್ವ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನು ಜಗತ್ತಿಗೆ ಹಂಚಿತು. ಅದೇ ಜಾಡಿನಲ್ಲಿ 1968ರಲ್ಲಿ ಯೂಟಾದ ಬ್ರಿಗ್‌ಹ್ಯಾಂ ಯಂಗ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಡೀನ್ ಓಲ್ಸೆನ್ ಎಂಬುವವರು ಓದಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳನ್ನು ಮರುಭೂಮಿಯಲ್ಲಿ ನಡೆಸುವ ಪಠ್ಯಕ್ರಮವೊಂದನ್ನು ರೂಪಿಸಿದರು. ವಿದ್ಯಾರ್ಥಿಗಳು ಸುಧಾರಿಸಿದರು. ಎಂಬತ್ತರ ದಶಕದ ಹೊತ್ತಿಗೆ ಇದರಲ್ಲಿ ಹಣವಿದೆಯೆಂಬುದು ಹಲವರಿಗೆ ತಿಳಿಯಿತು. ಮಾದಕವಸ್ತು, ಶಾಲೆ ತಪ್ಪಿಸುವಿಕೆ, ಖಿನ್ನತೆ, ಎದುರುತ್ತರ, ಯಾವ ದೂರಿದ್ದರೂ ಕಾಡೇ ಮದ್ದು ಎಂದಾಯಿತು. ದಿನವೊಂದಕ್ಕೆ ಹಲವು ನೂರು ಡಾಲರ್ ಶುಲ್ಕ, ಎಂಟು-ಹತ್ತು ವಾರಗಳ ವಾಸ. ಮಗುವನ್ನು ಒಪ್ಪಿಸಿ ಕರೆದೊಯ್ಯುವ ಕ್ರಮವಂತೂ ಭೀಕರ: ನಡುರಾತ್ರಿ ಅಪರಿಚಿತ ದಢೂತಿಗಳು ಮಲಗುವ ಕೋಣೆಗೆ ಬಂದು ಮಗುವನ್ನು ಎಬ್ಬಿಸಿ ವಾಹನಕ್ಕೆ ಹತ್ತಿಸುತ್ತಾರೆ. ಇದಕ್ಕೆ ತಂದೆತಾಯಿಯ ಲಿಖಿತ ಒಪ್ಪಿಗೆಯಿರುತ್ತದೆ. ಹಾಗೆ ಕರೆದೊಯ್ಯುವುದಕ್ಕೆಂದೇ ಕಂಪನಿಗಳಿವೆ.

ಸಂಸತ್ತಿನ ಪರವಾಗಿ ಲೆಕ್ಕತಪಾಸಣೆ ಮಾಡುವ ಅಮೆರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿ 2007ರ ಅಕ್ಟೋಬರ್‌ನಲ್ಲಿ ನೀಡಿದ ವರದಿ ಈ ಉದ್ಯಮದ ಒಳಗನ್ನು ತೆರೆದಿಟ್ಟಿತು. ದೌರ್ಜನ್ಯದ ಸಾವಿರಾರು ಆರೋಪಗಳಿದ್ದವು. 1990ರಿಂದ 2004ರವರೆಗಿನ ಹತ್ತು ಸಾವುಗಳನ್ನು ಅದು ವಿವರವಾಗಿ ಪರಿಶೀಲಿಸಿತು. ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಆಹಾರ, ಬಳಲಿ ಬಿದ್ದ ಮಗುವನ್ನು ನಟನೆ ಎಂದು ಗದರಿಸುವುದು, ಇವು ಮತ್ತೆಮತ್ತೆ ಕಂಡ ಕಾರಣಗಳು. ಈ ಕೊನೆಯದು ಚಿಂತನೆಗೆ ಹಚ್ಚುವಂಥದ್ದು. ಮಗು ಸುಳ್ಳುಗಾರ, ಮನವೊಲಿಸುವುದರಲ್ಲಿ ನಿಸ್ಸೀಮ, ಅದರ ಅಳಲನ್ನು ನಂಬಬೇಡಿ ಎಂದು ತಂದೆತಾಯಿಗಳಿಗೆ ಮೊದಲೇ ಹೇಳಿಕೊಡುವ ಶಿಬಿರಗಳು ಹಲವಿದ್ದವು. ಫೋನಿಲ್ಲ, ವಾರಕ್ಕೊಂದು ಪತ್ರ, ಅದನ್ನೂ ಓದಿ ನೋಡಿದ ಮೇಲೆಯೇ ಕಳುಹಿಸುವುದು. ಹೊಟ್ಟೆನೋವೆಂದು ಕೂಗಿದ ಮಗುವಿನ ಮಾತನ್ನು ಕೇಳಬೇಕಾದ ಕಿವಿಗಳು ನೂರಾರು ಮೈಲಿ ದೂರದಲ್ಲಿದ್ದವು. ಹತ್ತಿರವಿದ್ದವರಿಗೆ ಅದನ್ನು ನಂಬದಿರುವುದೇ ಕೆಲಸವಾಗಿತ್ತು.

ಉತ್ತಮ ಶಿಬಿರಗಳೂ ಇದ್ದವು ಎಂಬುದನ್ನು ಮರೆಯಬಾರದು. ಮರಳಿ ಬಂದು, ತಮ್ಮ ಬದುಕು ಅಲ್ಲಿ ನೆಟ್ಟಗಾಯಿತೆಂದು ಹೇಳುವ ಯುವಕರು ಇಂದಿಗೂ ಇದ್ದಾರೆ. ಶಿಬಿರದ ಕೊನೆಯಲ್ಲಿ ತಂದೆತಾಯಿಯನ್ನು ಕರೆಸಿ ಎರಡು ದಿನ ಜೊತೆಯಲ್ಲಿ ಇರಿಸುವ ಪದ್ಧತಿ ಹಲವೆಡೆ ಇತ್ತು. ಆದರೆ ಹತ್ತು ವಾರದಲ್ಲಿ ಎರಡು ದಿನ ಎಂಬ ಅನುಪಾತವೇ ಎಲ್ಲವನ್ನೂ ಹೇಳುತ್ತದೆ. ಬದಲಾಗಬೇಕಾದದ್ದು ಮಗು, ಬದಲಾವಣೆಯನ್ನು ಬಂದು ನೋಡಬೇಕಾದದ್ದು ಕುಟುಂಬ ಎಂಬ ಹಂಚಿಕೆಯದು. ಮಗು ಮರಳುವುದು ಅದೇ ಮನೆಗೆ, ಅದೇ ಊಟದ ಮೇಜಿಗೆ.

2024ರ ಕಾಯ್ದೆ ಶಿಬಿರಗಳಿಗೆ ನೇರ ಲಗಾಮು ಹಾಕುವುದಿಲ್ಲ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳಿಂದ ಅಧ್ಯಯನ ಮಾಡಿಸಿ ಶಿಫಾರಸು ಪಡೆಯುವುದಷ್ಟೇ ಅದರ ಮುಖ್ಯ ವಿಧಿ.  ಇತ್ತ ನಾರ್ವೆಯಲ್ಲಿ ಬೇರೆಯದೇ ದಾರಿ ಕಾಣುತ್ತದೆ. ಕ್ರಿಸ್ಟಿಯಾನ್‌ಸಾಂಡ್‌ನ ಸೋರ್ಲಾಂಡೆಟ್ ಸಾರ್ವಜನಿಕ ಆಸ್ಪತ್ರೆ ಹದಿಹರೆಯದ ಹೊರರೋಗಿಗಳಿಗೆ ಬಯಲು ಚಿಕಿತ್ಸೆ ನೀಡುತ್ತ ಬಂದಿದೆ. ಅಲ್ಲಿ ಮಕ್ಕಳು ತಮ್ಮಿಚ್ಛೆಯಿಂದ ಬರುತ್ತಾರೆ, ಹೆಚ್ಚಿನ ದಿನ ಸಂಜೆ ಮನೆಗೆ ಮರಳುತ್ತಾರೆ, ನಡುವೆ ಕೆಲವು ರಾತ್ರಿಗಳನ್ನು ಮಾತ್ರ ಹೊರಗೆ ಕಳೆಯುತ್ತಾರೆ. ಕಾಡು ಅದೇ, ಬಾಗಿಲು ತೆರೆದಿದೆ.

ನಮ್ಮ ಕಾನೂನು, ನಮ್ಮ ಕುಟುಂಬ

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ದೃಷ್ಟಿಯಿಂದ ಓದಬೇಕಾದ ದಾಖಲೆ. ಅಪ್ರಾಪ್ತ ವಯಸ್ಕರನ್ನು ದಾಖಲಿಸಿಕೊಳ್ಳುವ ಕುರಿತ ಅದರ 87ನೇ ಕಲಮಿನ ಪ್ರಕಾರ, ನಾಮನಿರ್ದೇಶಿತ ಪ್ರತಿನಿಧಿ ಅಥವಾ ಆತ ಗೊತ್ತುಮಾಡಿದ ಸಹಾಯಕ, ದಾಖಲಾತಿಯ ಪೂರ್ತಿ ಅವಧಿ ಮಗುವಿನೊಂದಿಗೆ ಅಲ್ಲಿಯೇ ಇರಬೇಕು. ಮಗುವನ್ನು ವಯಸ್ಕ ರೋಗಿಗಳಿಂದ ಬೇರೆಯಾಗಿ ಇರಿಸಬೇಕು. ದಾಖಲಾತಿಯನ್ನು 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಮೂರು ವರ್ಷದೊಳಗಿನ ಮಗುವಿರುವ ತಾಯಿಯನ್ನು ದಾಖಲಿಸುವಾಗ ಸಾಧಾರಣವಾಗಿ ಮಗುವಿನಿಂದ ಅಗಲಿಸಕೂಡದು ಎಂದು 21ನೇ ಕಲಮು ಹೇಳುತ್ತದೆ. ಅಮೃತಸರದ ಡೇರೆ ಕಾನೂನಿನ ಭಾಷೆಗೆ ಇಳಿದಂತಿದೆ.

ತೊಡಕಿರುವುದು ವ್ಯಾಪ್ತಿಯಲ್ಲಿ. ಮಾನಸಿಕ ಅಸ್ವಸ್ಥರನ್ನು ಇರಿಸಿಕೊಂಡು ಆರೈಕೆ ನೀಡುವ ಯಾವುದೇ ತಾಣ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಆದರೆ ತಾನು ರೋಗಕ್ಕೆ ಚಿಕಿತ್ಸೆ ನೀಡುತ್ತಿಲ್ಲ, 'ಸ್ವಾಸ್ಥ್ಯ' ಅನುಭವ ನೀಡುತ್ತಿದ್ದೇನೆ ಎನ್ನುವ ತೋಟದ ಬಂಗಲೆಯ ಗತಿಯೇನು? ಅಲ್ಲಿಗೆ ಬರುವವರು ರೋಗಿಗಳಲ್ಲ, ಅತಿಥಿಗಳು. ಹದಿನೈದು ವರ್ಷದ ಮಗನ ಮೊಬೈಲ್ ಗೀಳನ್ನು ಬಿಡಿಸಲು ವಾರಗಟ್ಟಲೆ ಬಿಟ್ಟುಹೋದರೆ ಆತ ಅತಿಥಿಯೋ ರೋಗಿಯೋ? ಯೂಟಾದಲ್ಲಿ ಉದ್ಯಮ ಬೆಳೆದದ್ದು ಇಂತಹ ಪದಗಳ ಸಂದಿಯಲ್ಲಿಯೇ. ಆರೋಗ್ಯ ಸಂಬಂಧಿ ವೃತ್ತಿಗಳ ಕುರಿತ 2021ರ ಕಾಯ್ದೆ ಸಮಾಲೋಚಕರನ್ನೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ತನ್ನ ವ್ಯಾಪ್ತಿಗೆ ತಂದಿರುವುದು ಸ್ವಾಗತಾರ್ಹ. ಆದರೆ ಫಲಕದ ಮೇಲೆ 'ಥೆರಪಿಸ್ಟ್' ಎಂದು ಬರೆಸುವವರನ್ನು ತಡೆದು ಕೇಳುವ ವ್ಯವಸ್ಥೆಯಾಗಿ ಅದು ಬೆಳೆಯಬೇಕಿದೆ.

ಇನ್ನೊಂದು ಎಚ್ಚರಿಕೆ ನಮ್ಮ ಕುಟುಂಬಪ್ರೇಮದ ಬಗ್ಗೆಯೇ ಬೇಕು. ಕುಟುಂಬವೆಂದರೆ ಆಸರೆ ಎಂದು ಹೇಳಿ ಮುಗಿಸುವುದು ಸುಲಭ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು; ಅದರಲ್ಲಿ ಶೇ 31.7ರಷ್ಟಕ್ಕೆ ದಾಖಲಾದ ಕಾರಣ ಕೌಟುಂಬಿಕ ಸಮಸ್ಯೆ. ಹೊಡೆಯುವ ಗಂಡನನ್ನು, ಮಗಳ ಪ್ರೀತಿಯನ್ನೇ ರೋಗವೆನ್ನುವ ತಂದೆಯನ್ನು ರೋಗಿಯ ಡೇರೆಯಲ್ಲಿ ಮಲಗಿಸಿದರೆ ಅದು ಚಿಕಿತ್ಸೆಯಾಗದು. ಮನೆಯವರ ಟೀಕೆ, ಹಗೆತನ ಹೆಚ್ಚಿರುವಲ್ಲಿ ಸ್ಕಿಜೋಫ್ರೇನಿಯಾ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಆರಂಭಿಸಿದ ಸಂಶೋಧನಾ ಪರಂಪರೆ ತೋರಿಸಿದೆ. ಅದೇ ಅಳತೆಯನ್ನು ಚಂಡೀಗಢದಲ್ಲಿ ಬಳಸಿದಾಗ ಭಾರತೀಯ ಕುಟುಂಬಗಳಲ್ಲಿ ಅಂತಹ ಟೀಕೆ ಲಂಡನ್ನಿಗಿಂತ ಕಡಿಮೆಯೆಂದು ಎಂಬತ್ತರ ದಶಕದಲ್ಲಿ ಕಂಡುಬಂದಿತ್ತು. ಆ ಕುಟುಂಬಗಳು ಅಂದಿನವು. ಎರಡು ಕೋಣೆಯ ಬಾಡಿಗೆ ಮನೆ, ದಿನಕ್ಕೆ ಮೂರು ಗಂಟೆಯ ಸಂಚಾರ ದಟ್ಟಣೆ, ಇಬ್ಬರ ದುಡಿಮೆ, ಒಬ್ಬ ರೋಗಿ ಎಂಬ ಇಂದಿನ ಬೆಂಗಳೂರಿನ ಸಂಸಾರಕ್ಕೆ ಆ ಅಂಕಿಯನ್ನು ಹಚ್ಚುವುದು ತಪ್ಪಾದೀತು. ಯಾರು ಜೊತೆಗಿರಬೇಕು ಎಂಬುದನ್ನು ರೋಗಿಯೇ ಆರಿಸುವಂತಾಗಬೇಕು. ನಾಮನಿರ್ದೇಶಿತ ಪ್ರತಿನಿಧಿ ಬಂಧುವೇ ಆಗಿರಬೇಕೆಂದೇನೂ ಕಾಯ್ದೆ ಹೇಳುವುದಿಲ್ಲ. ವಯಸ್ಕನಾದವನು ತನ್ನ ಗೆಳೆಯನನ್ನೂ ಹೆಸರಿಸಬಹುದು.

ಅರಣ್ಯಕ್ಕೂ ಈ ಮಾತಿನಲ್ಲಿ ಪಾಲಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಚಾರಣಿಗರ ಜಾತ್ರೆಯೇ ನೆರೆದು ಸರ್ಕಾರ ತಡೆ ಹಾಕಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು. ಮನಸ್ಸಿನ ನೆಮ್ಮದಿಯ ಹೆಸರಿನಲ್ಲಿ ಪಶ್ಚಿಮಘಟ್ಟಕ್ಕೆ ಇನ್ನೊಂದು ದಂಡು ಹೊರಡುವ ಅಗತ್ಯವಿಲ್ಲ. ವಿದ್ಯಾಸಾಗರ್ ಬಳಸಿದ್ದು ಆಸ್ಪತ್ರೆಯ ಖಾಲಿ ಜಾಗವನ್ನು. ಮುತ್ತುಸ್ವಾಮಿ ದೇಗುಲದಲ್ಲಿದ್ದದ್ದು ನೀರೆರೆಯಲು ನಾಲ್ಕಾರು ಗಿಡ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆಯಿದೆ ಎಂದಿತು. ಬಹುಪಾಲು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದೂ ಹೇಳಿತು. ಸಮೀಕ್ಷೆ ನಡೆಸಿದ ಸಂಸ್ಥೆ ಬೆಂಗಳೂರಿನದಾದರೂ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲಿಯೂ ಕೇಳಿಸಿಕೊಳ್ಳುತ್ತಿದೆ. ಅದು ಉಪಯುಕ್ತ, ಆದರೆ ಫೋನಿನ ಆ ತುದಿಯಲ್ಲಿರುವುದು ಒಬ್ಬ ವ್ಯಕ್ತಿ, ಕುಟುಂಬವಲ್ಲ.

ಕುಟುಂಬ ಒಟ್ಟಾಗಿ ಬರುವ ಜಾಗ ಇನ್ನೊಂದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಲಭ್ಯವಿರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಮುಂಜಾನೆಯ ಬಸ್ಸಿಗೆ ಬಂದ ರೋಗಿ, ಆತನ ತಾಯಿ, ಅತ್ತಿಗೆ, ಬುತ್ತಿಗಂಟು ಸಮೇತ ಆಸ್ಪತ್ರೆಯ ಆವರಣದ ಮರದ ಕೆಳಗೆ ಸರದಿಗಾಗಿ ಗಂಟೆಗಟ್ಟಲೆ ಕಾಯುತ್ತಾರೆ. ಒಳಗೆ ವೈದ್ಯರ ಮುಂದೆ ಅವರಿಗೆ ಸಿಗುವುದು ಕೆಲವೇ ನಿಮಿಷ. ಹೊರಗಿನ ಆ ಕಾಯುವಿಕೆ ಇದೀಗ ಯಾರ ಲೆಕ್ಕಕ್ಕೂ ಸೇರಿಲ್ಲ. ಅಷ್ಟು ಹೊತ್ತು ಅವರೊಡನೆ, ಪಕ್ಕದ ಕುಟುಂಬವನ್ನೂ ಸೇರಿಸಿಕೊಂಡು, ಆ ಮರದ ಕೆಳಗೇ ಕುಳಿತು ಮಾತನಾಡುವ ಒಬ್ಬ ತರಬೇತಾದ ಸಮಾಜ ಕಾರ್ಯಕರ್ತರನ್ನು ಮಂಗಳವಾರದ ಮಟ್ಟಿಗಾದರೂ ನಿಯೋಜಿಸಲು ಹೊಸ ಕಟ್ಟಡವೂ ಬೇಡ, ಹೊಸ ಕಾಯ್ದೆಯೂ ಬೇಡ. ಆರೋಗ್ಯ ಇಲಾಖೆ ಒಂದು ಜಿಲ್ಲೆಯಲ್ಲಿ ಒಂದು ವರ್ಷ ಇದನ್ನು ನಡೆಸಿ, ಎಷ್ಟು ರೋಗಿಗಳು ಮುಂದಿನ ತಿಂಗಳೂ ಔಷಧಿಗೆ ಬಂದರು ಎಂದು ಎಣಿಸಿದರೆ, ವಿದ್ಯಾಸಾಗರ್ ಬರೆದಿಡದೆ ಹೋದ ಲೆಕ್ಕದ ಮೊದಲ ಪುಟ ಸಿಗುತ್ತದೆ.